ಸಾವಿರದೈನೂರು ಅಡಿಯ ತಿರುಪು

ಶ್ರೀನಿವಾಸಪುರದ ಯಾವುದಾದರೂ ಮಾವಿನ ತೋಪಿನಲ್ಲಿ ಬೋರ್‌ವೆಲ್ ಲಾರಿ ಬಂದು ನಿಂತಿತೆಂದರೆ ಸುತ್ತ ಜನ ಸೇರುತ್ತಾರೆ. ಎಲ್ಲರ ಕಣ್ಣೂ ರಂಧ್ರದಿಂದ ಏಳುವ ಬೂದು ದೂಳಿನ ಮೇಲೆ. ಅದು ಯಾವಾಗ ಒದ್ದೆಯಾದೀತು, ಯಾವಾಗ ಕೆಸರಾದೀತು ಎಂಬುದೊಂದೇ ಲೆಕ್ಕ. ಅಷ್ಟರಲ್ಲಿ ಕಣ್ಣೆದುರೇ ನಡೆಯುವ ಇನ್ನೊಂದು ಸಂಗತಿ ಯಾರಿಗೂ ಕಾಣುವುದಿಲ್ಲ.

ಪ್ರತಿ 20 ಅಡಿಗೊಮ್ಮೆ ಯಂತ್ರ ನಿಲ್ಲುತ್ತದೆ. ಹೊಸ ರಾಡು ಮೇಲೇರಿ ಹಳೆಯದರ ತಲೆಯ ಮೇಲೆ ಕೂರುತ್ತದೆ, ನಾಲ್ಕೈದು ಸುತ್ತು ತಿರುಗುತ್ತದೆ, ಅಷ್ಟೇ. ಮತ್ತೆ ಹ್ಯಾಮರ್ ಗುಡುಗಲು ಶುರು. ರಾಡಿನ ತುದಿಯನ್ನು ಹತ್ತಿರದಿಂದ ನೋಡಿದವರಿಗೆ ಇದು ಒಗಟೇ ಸರಿ. ಅಲ್ಲಿ ಸುಮಾರು 19 ಸುತ್ತು ಥ್ರೆಡ್ ಕೊರೆದಿರುತ್ತದೆ. ಅಷ್ಟೇ ಥ್ರೆಡ್ಡಿರುವ ಬೋಲ್ಟಿಗೆ ನಟ್ಟನ್ನು ಪೂರ್ತಿ ಏರಿಸಬೇಕಾದರೆ 19 ಸುತ್ತೂ ತಿರುಗಿಸಲೇಬೇಕು. ಇಲ್ಲಿ ಐದರೊಳಗೆ ಮುಗಿಯುವುದು ಹೇಗೆ? ಮುಗಿದ ಮೇಲೆ, ಇಡೀ ರಾತ್ರಿ ಬಂಡೆಯ ಮೇಲೆ ಕುಟ್ಟಿದರೂ ಅದು ಸಡಿಲವಾಗುವುದಿಲ್ಲವೇಕೆ?

ಉತ್ತರ ಇರುವುದು ಆ ತುದಿಯ ಆಕಾರದಲ್ಲಿ. ಅದು ನೇರ ಕಂಬವಲ್ಲ, ಮೊನೆಯ ಕಡೆಗೆ ಸಪೂರವಾಗುತ್ತಾ ಹೋಗುವ ಶಂಕು. ಅದರ ಮೈಮೇಲೆ ಕೊರೆದಿರುವುದು ಓರೆ ತಿರುಪು. ಲೇತ್ ಅಂಗಡಿಯವರ ಮಾತಿನಲ್ಲಿ ಟೇಪರ್ ಥ್ರೆಡ್.

ಆರೂವರೆ ಅಂಗುಲದ ದಾರಿ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ ಎರಡೂ ಮಳೆಗಾಲದ ಹೊಳೆಗಳು. ಕೆರೆಗಳ ಸರಣಿ ಕೈಕೊಟ್ಟ ಮೇಲೆ ರೈತರು ಕೆಳಗೆ ಇಳಿದರು. ಮೊದಲು ತೆರೆದ ಬಾವಿ, ಆಮೇಲೆ ಇನ್ನೂರು ಮುನ್ನೂರು ಅಡಿಯ ಬೋರ್, ಈಗ ಸಾವಿರ ದಾಟಿ ಸಾವಿರದೈನೂರರ ತನಕ. ಮಣ್ಣು ಮತ್ತು ಶಿಥಿಲ ಕಲ್ಲಿನ ಮೇಲ್ಪದರ ಒಣಗಿದ ಮೇಲೆ ಉಳಿಯುವುದು ಗಟ್ಟಿ ಗ್ರಾನೈಟ್, ನೈಸ್ ಶಿಲೆ. ನೀರಿದ್ದರೆ ಅದರ ಬಿರುಕುಗಳಲ್ಲಿ ಮಾತ್ರ. ಮುಳಬಾಗಿಲಿನ ಸುತ್ತಲ ಬೆಟ್ಟಗಳಲ್ಲಿ ಬೋಳಾಗಿ ಕಾಣುವ ಬಂಡೆಯೇ ಹೊಲದ ಕೆಳಗೂ ಇದೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿತ ನೀರು ನರಸಾಪುರ ಬಳಿಯ ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಮುಂದಿನ ಕೆರೆಗಳಿಗೆ ಹರಿಯಿತು. ಆ ಕೆರೆಗಳ ಆಸುಪಾಸಿನ ಬೋರ್‌ಗಳಲ್ಲಿ ನೀರು ಮೇಲೆದ್ದದ್ದೂ ಉಂಟು. ಆದರೂ ಲಾರಿಗಳ ಓಡಾಟ ನಿಂತಿಲ್ಲ.

ಕೊರೆಯುವ ಲಾರಿಗಳಲ್ಲಿ ಬಹಳಷ್ಟು ತಮಿಳುನಾಡಿನ ತಿರುಚೆಂಗೋಡಿನವು. ರಾಡು ಟೊಳ್ಳು. ಕಂಪ್ರೆಸರಿನ ಗಾಳಿ ಅದರೊಳಗಿನಿಂದ ಇಳಿದು ತಳದಲ್ಲಿರುವ ಹ್ಯಾಮರನ್ನು ಬಡಿಸುತ್ತದೆ, ಪುಡಿಯಾದ ಕಲ್ಲನ್ನು ರಾಡಿನ ಹೊರಬದಿಯಿಂದ ಮೇಲಕ್ಕೆ ಊದುತ್ತದೆ. ಗಾಳಿಯ ಒತ್ತಡ ಚದರ ಅಂಗುಲಕ್ಕೆ 300 ಪೌಂಡಿನ ಆಸುಪಾಸು. ಇದೇ ಜಿಲ್ಲೆಯ ಕೆಜಿಎಫ್‌ನಲ್ಲಿ, 2001ರಲ್ಲಿ ಗಣಿ ಮುಚ್ಚುವ ತನಕ, ಚಾಂಪಿಯನ್ ರೀಫ್ ಶಾಫ್ಟಿನಿಂದ ಮೂರು ಕಿಲೋಮೀಟರಿಗೂ ಆಳಕ್ಕೆ ಮನುಷ್ಯರೇ ಇಳಿದು ಕೆಲಸ ಮಾಡುತ್ತಿದ್ದರು. ಏನು ಮುರಿದರೂ ಅಲ್ಲಿ ಕೈಯಿಂದ ಮುಟ್ಟಿ ನೋಡಬಹುದಿತ್ತು. ಬೋರ್‌ವೆಲ್‌ನ ಆರೂವರೆ ಅಂಗುಲದ ದಾರಿಯಲ್ಲಿ ಯಾರೂ ಇಳಿಯಲಾರರು. 1500 ಅಡಿಗೆ 75 ರಾಡು. ಐದು ಟನ್ ಮೀರಿದ ಉಕ್ಕಿನ ಸರಪಣಿ. ಕೊನೆಯ ಹ್ಯಾಮರ್ ಕೈಗೆ ಸಿಗುವುದೋ ಇಲ್ಲವೋ ಎಂಬುದು ಅಷ್ಟೂ ಥ್ರೆಡ್‌ಗಳ ಮೇಲೆ ನಿಂತಿದೆ.

ಪಿಕಾಸಿಯ ಕಾವು

ಪಿಕಾಸಿಗೆ ಕಾವು ಹಾಕುವುದನ್ನು ನೋಡಿದವರಿಗೆ ಓರೆಯ ಮಹಿಮೆ ಗೊತ್ತು. ಕಾವಿನ ಒಂದು ತುದಿ ಸಪೂರ, ಇನ್ನೊಂದು ದಪ್ಪ. ಸಪೂರ ತುದಿ ಕಣ್ಣಿನೊಳಗೆ ಸಲೀಸಾಗಿ ತೂರುತ್ತದೆ, ಬಹುದೂರ ಏನೂ ತಾಗುವುದೇ ಇಲ್ಲ. ಕೊನೆಯ ಒಂದೆರಡು ಅಂಗುಲದಲ್ಲಿ ಮಾತ್ರ ಸುತ್ತಲೂ ಒಟ್ಟಿಗೇ ಬಿಗಿಯುತ್ತದೆ. ಆಮೇಲೆ ನೆಲಕ್ಕೊಮ್ಮೆ ಕುಟ್ಟಿದರೆ ಸಾಕು. ಕೆಲಸ ಮಾಡಿದಷ್ಟೂ ಬಿಗಿ ಹೆಚ್ಚುತ್ತದೆ.

ಓರೆ ತಿರುಪಿನ ಮೊದಲರ್ಧ ಇದೇ. ನೀರಿನ ಬಾವಿಯ ರಾಡುಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಒಂದು ಅಳತೆಯನ್ನು ತೆಗೆದುಕೊಳ್ಳೋಣ. ಎಣ್ಣೆ ಬಾವಿಗಳಿಗಾಗಿ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಗೊತ್ತುಮಾಡಿದ ‘ಮೂರೂವರೆ ರೆಗ್ಯುಲರ್’ ಅದು. ಗಂಡು ತುದಿಯ ಉದ್ದ 95.25 ಮಿ.ಮೀ. ಬುಡದಲ್ಲಿ ಅದರ ವ್ಯಾಸ 88.9 ಮಿ.ಮೀ. ಇದ್ದರೆ ಮೊನೆಯಲ್ಲಿ ಸುಮಾರು 65 ಮಾತ್ರ. ಅಂದರೆ 4 ಮಿ.ಮೀ. ಮುಂದೆ ಹೋದಂತೆ ವ್ಯಾಸ 1 ಮಿ.ಮೀ. ಕಡಿಮೆಯಾಗುತ್ತದೆ. ಒಂದು ಅಂಗುಲಕ್ಕೆ 5 ಥ್ರೆಡ್. ಪ್ರತಿ ಥ್ರೆಡ್ಡಿನ ಆಳ ಸುಮಾರು 3 ಮಿ.ಮೀ.

ಗಂಡು ತುದಿಯನ್ನು ಹೆಣ್ಣು ತುದಿಯೊಳಗೆ ಸುಮ್ಮನೆ ಇಳಿಬಿಟ್ಟರೆ ಏನಾಗುತ್ತದೆ? ಸಪೂರ ಮೊನೆ ಅಗಲ ಬಾಯಿಯೊಳಗೆ ಹೋಗುವುದರಿಂದ ಥ್ರೆಡ್ಡಿನ ನೆತ್ತಿಗಳು ಪರಸ್ಪರ ತಾಗುವ ತನಕ ತಡೆಯೇ ಇಲ್ಲ. ಲೆಕ್ಕ ಹಾಕಿದರೆ ಉದ್ದದ ಸುಮಾರು ಮುಕ್ಕಾಲು ಪಾಲು ಹೀಗೆ ತಿರುಗದೆಯೇ ಒಳಸೇರುತ್ತದೆ. ತಿರುಗಿಸಿ ದಾಟಬೇಕಾದ ದೂರ 20ರಿಂದ 24 ಮಿ.ಮೀ., ಅಂದರೆ ನಾಲ್ಕೈದು ಸುತ್ತು. ನೇರ ಥ್ರೆಡ್ಡಿಗೆ ಹೋಲಿಸಿದರೆ ಒಂದು ಕೂಡಿಕೆಗೆ 14 ಸುತ್ತು ಉಳಿಯಿತು. 75 ರಾಡು ಇಳಿಸುವಾಗ ಸಾವಿರಕ್ಕೂ ಮಿಕ್ಕಿ ಸುತ್ತು, ಬಿಚ್ಚುವಾಗ ಮತ್ತೆ ಅಷ್ಟೇ. ಮೊದಲ ಥ್ರೆಡ್ಡಿಗೆ ಥ್ರೆಡ್ ಸರಿಯಾಗಿ ಕೂರದೆ ಅಡ್ಡ ಹತ್ತುವ ಕಾಟವೂ ಕಡಿಮೆ, ಏಕೆಂದರೆ ತಿರುಗಲು ಶುರುವಾಗುವಷ್ಟರಲ್ಲಿ ಎರಡೂ ತುದಿ ತಮ್ಮಷ್ಟಕ್ಕೆ ನಡುವಿಗೆ ಬಂದಿರುತ್ತವೆ.

ಪಿಕಾಸಿಯ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ರಾಡನ್ನು ಕೊನೆಯಲ್ಲಿ ಬಿಗಿಹಿಡಿಯುವುದು ಓರೆಯಲ್ಲ, ಭುಜ. ಗಂಡು ತುದಿಯ ಬುಡದಲ್ಲಿರುವ ಚಪ್ಪಟೆ ಅಂಚು ಹೆಣ್ಣು ತುದಿಯ ಬಾಯಂಚಿಗೆ ಒತ್ತಿಕೊಂಡಾಗ ಥ್ರೆಡ್ ಅದನ್ನು ಎಳೆದು ಹಿಡಿಯುತ್ತದೆ. ಗಾಳಿ ಸೋರದಂತೆ ತಡೆಯುವುದೂ ಆ ಅಂಚೇ. ಯಂತ್ರ ರಾಡನ್ನು ಯಾವಾಗಲೂ ಬಲಕ್ಕೇ ತಿರುಗಿಸುವುದರಿಂದ ಕೊರೆದಷ್ಟೂ ಕೂಡಿಕೆ ಬಿಗಿಯುತ್ತದೆ. ಆಪರೇಟರ್ ಅರೆಗಳಿಗೆ ಮರೆತು ಎಡಕ್ಕೆ ತಿರುಗಿಸಿದನೋ, ಎಲ್ಲೋ ಒಂದು ಕೂಡಿಕೆ ಬಿಚ್ಚಿಕೊಂಡು ಅದರ ಕೆಳಗಿನದೆಲ್ಲ ಪಾತಾಳ ಸೇರಬಹುದು.

ಮನೆಯ ಜಿಐ ಪೈಪಿನ ಕತೆ ಬೇರೆ. ಅಲ್ಲಿ ಭುಜವಿಲ್ಲ. ಓರೆಯೂ ಬಹಳ ಮೆಲ್ಲಗಿನದು, 16 ಮಿ.ಮೀ. ಉದ್ದಕ್ಕೆ 1 ಮಿ.ಮೀ. ವ್ಯಾಸ. ಕಾಲರ್ ಮೂರ್ನಾಲ್ಕು ಸುತ್ತು ಕೈಯಲ್ಲೇ ಏರಿ, ಆಮೇಲೆ ರೆಂಚ್ ಬೇಡುವುದಕ್ಕೆ ಇದೇ ಕಾರಣ. ಥ್ರೆಡ್ಡುಗಳೇ ಒಂದಕ್ಕೊಂದು ಅದುಮಿಕೊಂಡು ನೀರನ್ನು ತಡೆಯಬೇಕು. ಉಳಿಯುವ ಕೂದಲೆಳೆಯ ಸಂದನ್ನು ಪ್ಲಂಬರಿನ ಸೆಣಬಿನ ನಾರೋ ಟೆಫ್ಲಾನ್ ಟೇಪೋ ತುಂಬುತ್ತದೆ. ಈ ಪೈಪ್ ಥ್ರೆಡ್ಡಿನ 55 ಡಿಗ್ರಿ ಕೋನ 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಮುಂದಿಟ್ಟದ್ದು. ಅಮೆರಿಕದವರು 60 ಡಿಗ್ರಿಗೆ ಹೋದರು. ಎರಡೂ ನೋಡಲು ಒಂದೇ, ಕೆಲವು ಅಳತೆಗಳಲ್ಲಿ ಒಂದೆರಡು ಸುತ್ತು ಕೂರುತ್ತವೆ ಕೂಡ. ಸೋರುವುದು ಗೊತ್ತಾಗುವುದು ಮೋಟರ್ ಹಾಕಿದ ಮೇಲೆ.

ಗೇರುಗಳಲ್ಲಿ ಅಡಗಿದ್ದ ಲೆಕ್ಕ

ಥ್ರೆಡ್ ಕೊರೆಯುವುದೆಂದರೆ ಎರಡು ಚಲನೆಗಳನ್ನು ಒಂದಕ್ಕೊಂದು ಕಟ್ಟಿಹಾಕುವುದು. ಉಕ್ಕಿನ ತುಂಡು ಒಂದು ಸುತ್ತು ತಿರುಗಿದಾಗ ಉಳಿ ಇಷ್ಟೇ ದೂರ ಮುಂದೆ ಹೋಗಿರಬೇಕು. ಹಳೆಯ ಲೇತಿನಲ್ಲಿ ಈ ಕೆಲಸ ಗೇರುಗಳದ್ದು. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿಯ ಲೇತ್‌ಗಳು ಇಂದಿಗೂ ಎಷ್ಟೋ ಅಂಗಡಿಗಳಲ್ಲಿ ಹೀಗೇ ದುಡಿಯುತ್ತಿವೆ. ಸ್ಪಿಂಡಲ್ಲಿನಿಂದ ಗೇರುಗಳ ಸಾಲು, ಅಲ್ಲಿಂದ ಲೀಡ್ ಸ್ಕ್ರೂ, ಅದರ ಮೇಲೆ ಉಳಿ ಹೊತ್ತ ಗಾಡಿ.

ಅಂಗುಲದ ಥ್ರೆಡ್ಡನ್ನು ಮಿಲಿಮೀಟರಿನ ಲೀಡ್ ಸ್ಕ್ರೂನಲ್ಲಿ ಕೊರೆಯಬೇಕಾದರೆ 127 ಹಲ್ಲಿನ ಗೇರು ಬೇಕು, ಏಕೆಂದರೆ 5 ಅಂಗುಲವೆಂದರೆ ಸರಿಯಾಗಿ 127 ಮಿ.ಮೀ. ಅಂಥ ಥ್ರೆಡ್ಡಿನಲ್ಲಿ ಗಾಡಿಯ ಹಿಡಿತವನ್ನು ನಡುವೆ ಬಿಡಿಸುವಂತಿಲ್ಲ. ಬಿಡಿಸಿದರೆ ಮುಂದಿನ ಸಲ ಉಳಿ ಹಳೆಯ ತೋಡಿಗೆ ಬೀಳುವ ಭರವಸೆಯಿಲ್ಲ. ಆದ್ದರಿಂದ ಮೋಟರನ್ನೇ ಹಿಂದಕ್ಕೆ ತಿರುಗಿಸಿ ಇಡೀ ಸಾಲನ್ನು ವಾಪಸು ತರಬೇಕು. ಓರೆಗಾಗಿ ಹಿಂದುಗಡೆ ಒಂದು ಓರೆ ಪಟ್ಟಿಯನ್ನು ಕಟ್ಟಿ, ಗಾಡಿ ಅದನ್ನು ಸವರಿಕೊಂಡು ಹೋಗುವಂತೆ ಮಾಡಬೇಕು. ಇಷ್ಟೆಲ್ಲ ಹೊಂದಿಸಿ ಒಳ್ಳೆಯ ಥ್ರೆಡ್ ತೆಗೆದ ಮೇಸ್ತ್ರಿಗಳ ಬಗ್ಗೆ ಕಂಪ್ಯೂಟರ್ ಲೇತಿನ ಹುಡುಗರಿಗೂ ಗೌರವವಿದೆ, ಇರಬೇಕಾದ್ದೇ.

ಸುತ್ತು ಯಜಮಾನ, ಉಳಿ ಹಿಂಬಾಲಕ

ಮಾಲೂರು, ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಲ್ಲಿ ಕಾಣುವ ಸಿಎನ್‌ಸಿ ಲೇತಿನ ಬಾಗಿಲು ತೆರೆದರೆ ಸ್ಪಿಂಡಲ್ಲಿಗೂ ಉಳಿಗೂ ನಡುವೆ ಒಂದು ಗೇರೂ ಸಿಗುವುದಿಲ್ಲ. ಅವೆರಡನ್ನು ಕಟ್ಟಿರುವುದು ಒಂದು ತಂತಿ, ಒಂದು ಪುಟ್ಟ ತಟ್ಟೆ. ಸ್ಪಿಂಡಲ್ಲಿನ ಜೊತೆ ತಿರುಗುವ ಈ ಸುತ್ತುಗಣಕ, ಅಂದರೆ ಎನ್‌ಕೋಡರ್, ಸಾಮಾನ್ಯವಾಗಿ ಒಂದು ಸುತ್ತಿಗೆ 1024 ಸಲ ಮಿಡಿಯುತ್ತದೆ. ನಿಯಂತ್ರಕ ಪ್ರತಿ ಮಿಡಿತವನ್ನೂ ನಾಲ್ಕಾಗಿ ಸೀಳಿ 4096 ಹೆಜ್ಜೆ ಮಾಡಿಕೊಳ್ಳುತ್ತದೆ. ಇದರ ಹೊರತಾಗಿ ಇಡೀ ಸುತ್ತಿಗೆ ಒಂದೇ ಒಂದು ಬೇರೆ ಗುರುತಿದೆ. ಅದನ್ನು ಆರಂಭದ ಗುರುತು ಎನ್ನೋಣ.

ಉಳಿಯನ್ನು ನಡೆಸುವುದು ಎರಡು ಮೋಟರುಗಳು. ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ನೇರ ಥ್ರೆಡ್ಡಿನಲ್ಲಿ ಉದ್ದದ ಮೋಟರ್ ಮಾತ್ರ ಸ್ಪಿಂಡಲ್ಲನ್ನು ಹಿಂಬಾಲಿಸುತ್ತದೆ, ಅಡ್ಡದ್ದು ಸುಮ್ಮನಿರುತ್ತದೆ. ಓರೆ ಥ್ರೆಡ್ಡಿನಲ್ಲಿ ಎರಡೂ ಹಿಂಬಾಲಿಸಬೇಕು. ನಮ್ಮ ರಾಡಿನ ತುದಿಗೆ ಲೆಕ್ಕ ಹೀಗೆ: ಒಂದು ಸುತ್ತಿಗೆ ಉದ್ದಕ್ಕೆ 5.08 ಮಿ.ಮೀ., ಅದೇ ಸುತ್ತಿನಲ್ಲಿ ಅಡ್ಡಕ್ಕೆ 0.635 ಮಿ.ಮೀ. ಎಂಟಕ್ಕೆ ಒಂದು. ವ್ಯಾಸದ ಓರೆ ನಾಲ್ಕಕ್ಕೆ ಒಂದಾದರೂ ಉಳಿ ಸವೆಸುವುದು ಒಂದೇ ಬದಿಯಿಂದ, ಹಾಗಾಗಿ ಅರ್ಧ. ಸ್ಪಿಂಡಲ್ ನಿಮಿಷಕ್ಕೆ 300 ಸುತ್ತು ತಿರುಗುತ್ತಿದ್ದರೆ ಉಳಿ ಸೆಕೆಂಡಿಗೆ ಒಂದು ಅಂಗುಲ ಮುಂದೆ ಓಡುತ್ತಾ 3 ಮಿ.ಮೀ. ಚಿಲ್ಲರೆ ಹಿಂದೆ ಸರಿಯುತ್ತದೆ. ಸ್ಪಿಂಡಲ್ ತುಸು ನಿಧಾನವಾದರೆ ಉಳಿಯೂ ನಿಧಾನ. ಉಳಿಗೆ ಗಡಿಯಾರ ಗೊತ್ತಿಲ್ಲ, ಸುತ್ತು ಮಾತ್ರ ಗೊತ್ತು.

3 ಮಿ.ಮೀ. ಆಳವನ್ನು ಒಂದೇ ಏಟಿಗೆ ತೆಗೆಯಲಾಗದು. ಹತ್ತಾರು ಸಲ ಅದೇ ತೋಡಿನಲ್ಲಿ ಓಡಬೇಕು. ಆರಂಭದ ಗುರುತು ಬೇಕಾಗುವುದು ಆಗಲೇ. ಉಳಿ ಪ್ರತಿ ಸಲ ವಾಪಸು ಬಂದು ಕಾಯುತ್ತದೆ. ಗುರುತು ಹಾದುಹೋದ ಕ್ಷಣವೇ ಹೊರಡುತ್ತದೆ. ಎಲ್ಲ ಓಟಗಳೂ ಉಕ್ಕಿನ ಸುತ್ತಳತೆಯ ಒಂದೇ ಜಾಗದಿಂದ ಶುರುವಾಗುವುದರಿಂದ ಎಲ್ಲವೂ ಒಂದೇ ತೋಡಿನಲ್ಲಿ ಬೀಳುತ್ತವೆ.

ಆಳ ಹೆಚ್ಚಿಸುವುದರಲ್ಲೂ ಒಂದು ಚೆಂದದ ಜಾಣ್ಮೆಯಿದೆ. ತೋಡು ವಿ ಆಕಾರದ್ದು. ಕೆಳಗೆ ಹೋದಷ್ಟೂ ಉಳಿಯ ಎರಡೂ ಬದಿ ಹೆಚ್ಚುಹೆಚ್ಚು ಉಕ್ಕನ್ನು ತಾಗುತ್ತವೆ. ಪ್ರತಿ ಸಲ ಒಂದೇ ಆಳ ಇಳಿಸಿದರೆ ಕೊನೆಯ ಓಟಗಳಲ್ಲಿ ಉಳಿಯ ಮೊನೆ ಹಾರಿಹೋಗುತ್ತದೆ. ಆದ್ದರಿಂದ ನಿಯಂತ್ರಕ ಇಳಿತವನ್ನು ಕಡಿಮೆ ಮಾಡುತ್ತಾ ಹೋಗುತ್ತದೆ. ಮೊದಲ ಓಟ 0.6 ಮಿ.ಮೀ. ಎಂದಿಟ್ಟುಕೊಂಡರೆ ನಾಲ್ಕನೆಯದು ಮುಗಿದಾಗ 1.2, ಒಂಬತ್ತನೆಯದಕ್ಕೆ 1.8, ಹದಿನಾರನೆಯದಕ್ಕೆ 2.4, ಇಪ್ಪತ್ತೈದನೆಯದಕ್ಕೆ 3.0. ಪ್ರತಿ ಓಟದಲ್ಲೂ ಕತ್ತರಿಸುವ ಉಕ್ಕಿನ ಪಾಲು ಹೀಗೆ ಸಮನಾಗುತ್ತದೆ. ಫ್ಯಾನಕ್ ಮಾದರಿಯ ಯಂತ್ರಗಳಲ್ಲಿ ಇದನ್ನೆಲ್ಲ ‘ಜಿ 76’ ಎಂಬ ಎರಡು ಸಾಲಿನ ಆದೇಶವೇ ನೋಡಿಕೊಳ್ಳುತ್ತದೆ.

ಒಂದು ಎಚ್ಚರ ಮಾತ್ರ ಮನುಷ್ಯನದ್ದೇ. ಬೇರೆ ಕೆಲಸಗಳಲ್ಲಿ ವ್ಯಾಸ ಕಡಿಮೆಯಾದಂತೆ ಸ್ಪಿಂಡಲ್ಲಿನ ವೇಗ ತಾನಾಗಿ ಏರುವ ಏರ್ಪಾಡಿರುತ್ತದೆ. ಥ್ರೆಡ್ ಹಾಕುವಾಗ ಅದನ್ನು ಮುಚ್ಚಿಡಬೇಕು. ಏಕೆಂದರೆ ಮೋಟರುಗಳು ಆಜ್ಞೆಗಿಂತ ಕೊಂಚ ಹಿಂದೆ ಉಳಿದೇ ಓಡುತ್ತವೆ, ಹಿಂದುಳಿಯುವ ದೂರ ವೇಗಕ್ಕೆ ತಕ್ಕಂತೆ. ವೇಗ ಬದಲಾಗದಿದ್ದರೆ ಆ ಹಿಂದುಳಿಕೆ ಎಲ್ಲ ಓಟಗಳಲ್ಲೂ ಒಂದೇ, ಹಾಗಾಗಿ ನಿರಪಾಯ. ಎರಡು ಓಟಗಳ ನಡುವೆ ವೇಗ ಬದಲಾಯಿತೋ, ತೋಡು ಪಕ್ಕಕ್ಕೆ ಜಾರಿತು. ಅರ್ಧ ಥ್ರೆಡ್ಡಿನಲ್ಲಿ ಗಾಬರಿಯಾಗಿ ತಡೆಗುಂಡಿ ಒತ್ತಿದರೂ ಇಂಥ ಯಂತ್ರ ಸಾಮಾನ್ಯವಾಗಿ ಆ ಓಟ ಮುಗಿಸಿಯೇ ನಿಲ್ಲುವುದು ಇದಕ್ಕೇ.

ಹತ್ತು ಮಿಲಿಮೀಟರ್ ಗಾಳಿ

ಇಷ್ಟು ನಿಖರವಾದ ಯಂತ್ರದಲ್ಲೂ ಓರೆ ಥ್ರೆಡ್ ಕೆಡುವುದುಂಟು. ಬಹಳ ಸಲ ತಪ್ಪು ಉಕ್ಕಿನಲ್ಲಿ ಆಗಿರುವುದಿಲ್ಲ, ಅದರ ಮುಂದಿನ ಗಾಳಿಯಲ್ಲಿ ಆಗಿರುತ್ತದೆ.

ನಿಂತಿದ್ದ ಉಳಿ ಒಮ್ಮೆಗೇ ಪೂರ್ತಿ ವೇಗಕ್ಕೆ ಬರಲಾರದು. ಆದ್ದರಿಂದ ಅದನ್ನು ತುಂಡಿನಿಂದ ದೂರ, ಉದಾಹರಣೆಗೆ 10 ಮಿ.ಮೀ. ಹಿಂದೆ ನಿಲ್ಲಿಸಿ ಓಡಿಸುತ್ತಾರೆ. ನೇರ ಥ್ರೆಡ್ಡಿಗೆ ಈ ಪೂರ್ವ ಓಟ ಲೆಕ್ಕಕ್ಕಿಲ್ಲ. ಓರೆಗೆ ಹಾಗಲ್ಲ. ಜಿ 76ರಲ್ಲಿ ‘ಆರ್’ ಎಂಬ ಅಂಕಿ ಓರೆಯ ಪ್ರಮಾಣವನ್ನು ಹೇಳುತ್ತದೆ: ಉಳಿ ಹೊರಟಲ್ಲಿಂದ ನಿಂತಲ್ಲಿಯ ತನಕ ಅಡ್ಡಕ್ಕೆ ಎಷ್ಟು ಸರಿಯಬೇಕು ಎಂಬುದು. ಹೊರಡುವ ಜಾಗ ಗಾಳಿಯಲ್ಲಿದೆ. ಹಾಗಾಗಿ ಲೆಕ್ಕ ಹಾಕಬೇಕಾದ ಉದ್ದ 95.25 ಅಲ್ಲ, 105.25. ಅದರ ಎಂಟನೇ ಒಂದು ಪಾಲು 13.156 ಮಿ.ಮೀ. ಹೊಸಬರು ನಕಾಶೆಯಲ್ಲಿರುವ 95.25ನ್ನೇ ಹಿಡಿದು 11.906 ಎಂದು ಬರೆಯುತ್ತಾರೆ. ಯಂತ್ರ ಚಕಾರ ಎತ್ತುವುದಿಲ್ಲ. ಕೊಟ್ಟ ಸರಿತವನ್ನು ಇಡೀ 105.25ಕ್ಕೆ ಹಂಚಿಬಿಡುತ್ತದೆ. ಥ್ರೆಡ್ ಹೊಳೆಯುತ್ತದೆ, ಅಂತರ ಸರಿಯಿದೆ, ಕೋನ ಸರಿಯಿದೆ; ಬುಡದ ವ್ಯಾಸವೂ ಸರಿ. ಮೊನೆ ಮಾತ್ರ ಇರಬೇಕಾದ್ದಕ್ಕಿಂತ 2.26 ಮಿ.ಮೀ. ದಪ್ಪ.

ಇನ್ನೊಂದು ಬಲೆಯೂ ಅಲ್ಲೇ ಇದೆ. ಇದೇ ಆದೇಶದಲ್ಲಿ ಥ್ರೆಡ್ ಮುಗಿಯುವ ಅಳತೆಯನ್ನು ವ್ಯಾಸದಲ್ಲಿ ಬರೆಯಬೇಕು, ಓರೆಯನ್ನು ತ್ರಿಜ್ಯದಲ್ಲಿ. ಸಾಲದ್ದಕ್ಕೆ, ಹೊರ ಥ್ರೆಡ್ಡನ್ನು ಸಪೂರ ಕಡೆಯಿಂದ ಕೊರೆಯುವಾಗ ಅಂಕಿಯ ಹಿಂದೆ ಋಣ ಚಿಹ್ನೆ ಇರಬೇಕು. ಅದು ಬಿಟ್ಟುಹೋದರೆ ಓರೆ ತಲೆಕೆಳಗಾಗುತ್ತದೆ. ಆ ತಪ್ಪು ಕಣ್ಣಿಗೆ ಹೊಡೆಯುವುದರಿಂದ ಬೇಗ ಪತ್ತೆಯಾಗುತ್ತದೆ. ಅಪಾಯಕಾರಿಯಾದದ್ದು ಸದ್ದಿಲ್ಲದ ಮೊದಲನೆಯದೇ.

ಉಂಗುರದ ತೀರ್ಪು

ಅದನ್ನು ಹಿಡಿಯುವುದು ಕ್ಯಾಲಿಪರಿನಿಂದ ಸುಲಭವಲ್ಲ. ಓರೆಯ ಮೇಲೆ ಕ್ಯಾಲಿಪರ್ ಎಲ್ಲಿ ಕೂರಿಸಿದರೆ ಅಲ್ಲಿ ಬೇರೆ ವ್ಯಾಸ. ಇದಕ್ಕೆಂದೇ ಗಟ್ಟಿಗೊಳಿಸಿದ ಉಕ್ಕಿನ ಉಂಗುರವೊಂದಿದೆ, ಒಳಗೆ ಅದೇ ಓರೆ, ಅದೇ ಥ್ರೆಡ್. ಅದನ್ನು ಕೈಯಲ್ಲಿ ತಿರುಗಿಸಿ ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು. ಓರೆ ಇಲ್ಲಿ ಅಳತೆಯನ್ನು ಹಿಗ್ಗಿಸಿ ತೋರಿಸುತ್ತದೆ: ರಾಡಿನ ವ್ಯಾಸದಲ್ಲಿ 0.25 ಮಿ.ಮೀ. ವ್ಯತ್ಯಾಸವಾದರೆ ಉಂಗುರ 1 ಮಿ.ಮೀ. ಆಚೀಚೆ ನಿಲ್ಲುತ್ತದೆ. ಜಿಐ ಪೈಪಿನ ಮೆಲ್ಲನೆಯ ಓರೆಯಲ್ಲಂತೂ 0.0625 ಮಿ.ಮೀ.ಗೇ 1 ಮಿ.ಮೀ. ಕಣ್ಣಿಗೆ ಕಾಣದ್ದನ್ನು ಸಾಮಾನ್ಯ ಸ್ಕೇಲಿನಿಂದ ಓದಬಹುದು. ಸರಿಯಾದ ಮೂರೂವರೆ ರೆಗ್ಯುಲರ್ ಜೋಡಿಯಲ್ಲಿ ಮೂಲ ಉಂಗುರ ಭುಜದಿಂದ 15.875 ಮಿ.ಮೀ. ದೂರದಲ್ಲಿ ನಿಲ್ಲುವಂತೆ ಮಾನಕವಿದೆ. ಓರೆಯೇ ತಪ್ಪಿದ್ದರೆ ಉಂಗುರ ಒಂದು ಕಡೆ ಮಾತ್ರ ಹಿಡಿದು ಇನ್ನೊಂದು ಕಡೆ ಅಲುಗಾಡುತ್ತದೆ.

ಅಲುಗಾಡುವ ಥ್ರೆಡ್ಡಿನ ರಾಡು ಲಾರಿ ಹತ್ತಿದರೆ ಕೇಡು ಅದೊಂದಕ್ಕೇ ನಿಲ್ಲುವುದಿಲ್ಲ. ಕೆಟ್ಟ ಗಂಡು ತುದಿ ತಾನು ಸೇರುವ ಪ್ರತಿ ಹೆಣ್ಣು ತುದಿಯನ್ನೂ ತನ್ನ ಆಕಾರಕ್ಕೆ ಸವೆಸುತ್ತದೆ, ಆ ತುದಿಗಳು ಮತ್ತೆ ಬೇರೆ ಗಂಡು ತುದಿಗಳನ್ನು. ಭಾರ ಹತ್ತೊಂಬತ್ತು ಥ್ರೆಡ್ಡಿಗೂ ಹಂಚಿಹೋಗುವ ಬದಲು ನಾಲ್ಕೈದರ ಮೇಲೆ ಬೀಳುತ್ತದೆ. ಬಿರುಕು ಶುರುವಾಗುವುದು ತೋಡಿನ ತಳದ ಚೂಪಿನಲ್ಲಿ, ಒಂದು ದಿನ ಮುರಿಯುವುದು ಬಂಡೆಯೊಳಗೆ.

ಮುರಿದದ್ದನ್ನು ಎತ್ತಲು ಕಳಿಸುವುದೂ ಓರೆ ತಿರುಪನ್ನೇ. ಉದ್ದನೆಯ ಶಂಕುವಿನಾಕಾರದ, ಬಹಳ ಗಟ್ಟಿ ಉಕ್ಕಿನ ಟ್ಯಾಪ್ ಅದು; ಅದರ ಥ್ರೆಡ್ಡಿಗೆ ಕತ್ತರಿಸುವ ಅಂಚಿರುತ್ತದೆ. ಉಳಿದ ರಾಡುಗಳ ತುದಿಗೆ ಅದನ್ನು ಕಟ್ಟಿ ಇಳಿಸುತ್ತಾರೆ. ಕೆಳಗಿನ ರಾಡಿನ ತೂತು ಎಷ್ಟು ಸವೆದಿದೆಯೋ ಮೇಲಿದ್ದವರಿಗೆ ತಿಳಿಯದು. ಶಂಕುವಿಗೆ ತಿಳಿಯಬೇಕಿಲ್ಲ, ಎಲ್ಲೋ ಒಂದು ಕಡೆ ಅದು ತಾಗಿಯೇ ತಾಗುತ್ತದೆ. ಮೆಲ್ಲನೆ ತಿರುಗಿಸಿದರೆ ತನ್ನ ಥ್ರೆಡ್ಡನ್ನು ತಾನೇ ಕೊರೆದುಕೊಂಡು ಕಚ್ಚುತ್ತದೆ. ತೂತು ಚೂರಾಗಿದ್ದರೆ ಗಂಟೆಯಾಕಾರದ ಇನ್ನೊಂದನ್ನು ಇಳಿಸಿ ಹೊರಗಿನಿಂದ ಹಿಡಿಯಲು ನೋಡುತ್ತಾರೆ. ಅದೂ ಹಿಡಿಯದಿದ್ದರೆ ರಾಡು, ಹ್ಯಾಮರ್, ಬಿಟ್ ಎಲ್ಲವೂ ಒಳಗೇ ಉಳಿದುಬಿಡುತ್ತವೆ, ಅವುಗಳ ಬೆಲೆಯನ್ನು ಯಾರು ಕೊಡಬೇಕೆಂಬ ಜಗಳ ಮೇಲೆ ಶುರುವಾಗುತ್ತದೆ.